ಕೆಲಸ ಹೋಗಿದೆ, ದುಬೈ ಆಫರ್ ಬಂದಿದೆ, ದೇವರ ಚಿತ್ತ ಏನು ಅಂತ ಹೇಗೆ ತಿಳ್ಕೊಳ್ಳೋದು?

ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಕೆಲಸ ಹೋಯ್ತು, ದುಬೈಯಿಂದ ಆಫರ್ ಬಂದಿದೆ, ಮಂಡ್ಯದಲ್ಲಿ ಅಮ್ಮ ಒಬ್ರೇ ಇದಾರೆ, ಎಷ್ಟು ಪ್ರಾರ್ಥನೆ ಮಾಡಿದ್ರೂ ಹೋಗು ಅಂತಾನೂ ಇಲ್ಲ ಬೇಡ ಅಂತಾನೂ ಇಲ್ಲ, ಚೀಟಿ ಹಾಕಿ ನೋಡ್ಲಾ ಅಂತ ಕೇಳಿದೀರ. ಚೀಟಿ ಬೇಡ ಬ್ರದರ್. ಯೂದನ ಜಾಗಕ್ಕೆ ಮತ್ತೀಯನನ್ನ ಆರಿಸುವಾಗ ಯೇಸುವಿನ ಶಿಷ್ಯರೇ ಚೀಟಿ ಹಾಕಿದ್ರಲ್ಲ ಅಂತೀರೇನೋ, ನಿಜ, ಆದ್ರೆ ಅದು ಪವಿತ್ರಾತ್ಮ ಇಳಿದು ಬರೋಕೆ ಮುಂಚೆ, ಆಮೇಲೆ ಅಪೊಸ್ತಲರ ಕಾರ್ಯಗಳಲ್ಲಿ ಎಲ್ಲೂ ಅವರು ಚೀಟಿ ಹಾಕಲ್ಲ, ಉಪವಾಸ ಇದ್ದು ಪ್ರಾರ್ಥನೆ ಮಾಡಿ ಒಟ್ಟಿಗೆ ಕೂತು ಮಾತಾಡಿ ತೀರ್ಮಾನ ಮಾಡ್ತಾರೆ.

ನಮ್ಮೆಜಮಾನ್ರ ಫ್ಯಾಕ್ಟರಿ ಮುಚ್ಚಿದಾಗ ನಾನು ಮಂಗಳವಾರ ಮಂಗಳವಾರ ದೋರನಹಳ್ಳಿಯ ಸಂತ ಅಂತೋಣಿ ಚರ್ಚಿಗೆ ಹೋಗ್ತಿದ್ದೆ. ನಿಮಗೂ ಗೊತ್ತಿರತ್ತೆ, ಅಲ್ಲಿಗೆ ಎಲ್ಲಾ ಜಾತಿ ಧರ್ಮದೋರು ಬರ್ತಾರೆ. ಒಂದಿನ ಪೂಜೆ ಮುಗಿದ ಮೇಲೂ ಎದ್ದೇಳೋಕೆ ಮನಸ್ಸಾಗ್ದೆ ಬೆಂಚಲ್ಲೇ ಕೂತಿದ್ದೆ, ಪಕ್ಕದಲ್ಲಿ ಮಂಡ್ಯ ಕಡೆ ಅಜ್ಜಿ, ಹಣೆ ತುಂಬ ಕುಂಕುಮ, ನನ್ನ ಮುಖ ನೋಡಿ ಏನೂ ಕೇಳ್ಲಿಲ್ಲ, ಆಚೆ ಕರ್ಕೊಂಡೋಗಿ ಬುತ್ತಿ ಬಿಚ್ಚಿ ಪುಳಿಯೋಗರೆಲಿ ಅರ್ಧ ನನ್ನ ಕೈಗಿಟ್ಟು "ಮೊದ್ಲು ಉಣ್ಣವ್ವ, ಆಮೇಕೆ ಯೋಚ್ನೆ ಮಾಡೀವಂತೆ" ಅಂದ್ರು. ಬೈಬಲಲ್ಲಿ ಪ್ರವಾದಿ ಎಲೀಯ ಸಾಕಪ್ಪ ಸಾಯ್ತೀನಿ ಅಂತ ಮಲಗಿದಾಗ ದೇವದೂತ ಉಪದೇಶ ಮಾಡಲ್ಲ, ರೊಟ್ಟಿ ನೀರು ಕೊಟ್ಟು ಏಳು ಊಟ ಮಾಡು ಅಂತಾನೆ, ದೇವರ ಮೆಲುದನಿ ಕೇಳ್ಸೋದು ಅದೆಲ್ಲ ಆದ್ಮೇಲೆ. ಅದಕ್ಕೇ ಕೇಳ್ತಿದೀನಿ, ನೀವು ಸರಿಯಾಗಿ ಊಟ ನಿದ್ದೆ ಮಾಡ್ತಿದೀರಾ?

ದೋರನಹಳ್ಳಿಲಿರೋ ಸಂತ ಅಂತೋಣಿಯವರ ಕಥೆನೂ ನಿಮ್ಮಂಥೋರಿಗೇ ಇದೆ. ಅವರು ಹುಟ್ಟಿದ್ದು ಲಿಸ್ಬನ್‌ನಲ್ಲಿ, ಆಸೆ ಇದ್ದಿದ್ದು ಮೊರಾಕೊದಲ್ಲಿ ಸುವಾರ್ತೆ ಸಾರಿ ಬೇಕಾದ್ರೆ ಪ್ರಾಣನೂ ಕೊಡ್ಬೇಕು ಅಂತ. ಅಲ್ಲಿಗೆ ಹೋದ್ರೂ ಕಾಯಿಲೆ ಬಿದ್ರು, ವಾಪಸ್ ಊರಿಗೆ ಹೊರಟ್ರೆ ಬಿರುಗಾಳಿಗೆ ಹಡಗು ಸಿಸಿಲಿಗೆ ಹೋಯ್ತು. ಇಟಲಿಲಿ ಯಾರಿಗೂ ಗೊತ್ತಿಲ್ದೆ ಒಂದು ಆಶ್ರಮದಲ್ಲಿದ್ರು, 1222ರಲ್ಲಿ ಫೊರ್ಲಿ ಅನ್ನೋ ಊರಲ್ಲಿ ಪ್ರಸಂಗ ಮಾಡೋಕೆ ಯಾರೂ ತಯಾರಿರ್ಲಿಲ್ಲ ಅಂತ ಇವರನ್ನ ನಿಲ್ಸಿದ್ರು, ಅವತ್ತೇ ಎಲ್ರಿಗೂ ಗೊತ್ತಾಗಿದ್ದು ಇವರು ಎಂಥ ಪ್ರಸಂಗಿ ಅಂತ. ಹಡಗಲ್ಲಿ ಕೂತಾಗ ಅವರಿಗೆ ಇದ್ಯಾವುದೂ ಗೊತ್ತಿರ್ಲಿಲ್ಲ. ಅಬ್ರಹಾಮನೂ ಅಷ್ಟೇ, ಎಲ್ಲಿಗೆ ಹೋಗ್ತಿದೀನಿ ಅಂತ ತಿಳೀದೇನೇ ಹೊರಟ ಅಂತ ಇಬ್ರಿಯರಿಗೆ ಪತ್ರದಲ್ಲಿದೆ.

ವಾಟ್ಸಾಪಲ್ಲಿ ಎಲ್ರೂ ನಿಮಗೆ ಒಳ್ಳೇ ಭವಿಷ್ಯ, ನಿರೀಕ್ಷೆ ಕೊಡ್ತೀನಿ ಅಂತ ದೇವರು ಹೇಳೋ ಯೆರೆಮೀಯ 29:11 ಕಳಿಸ್ತಾರೆ, ಒಳ್ಳೆದೇ, ಆದ್ರೆ ಅದೇ ಅಧ್ಯಾಯನ ಮೊದಲಿಂದ ಓದಿ. ಅದು ಬಾಬಿಲೋನಿಗೆ ಸೆರೆ ಹೋದೋರಿಗೆ ಬರೆದ ಕಾಗದ, ಬಿಡುಗಡೆಗೆ 70 ವರ್ಷ ಅಂತಾನೂ ಅದರಲ್ಲೇ ಇದೆ, ಅಲ್ಲಿವರೆಗೂ ಮನೆ ಕಟ್ಕೊಳ್ಳಿ, ತೋಟ ಮಾಡಿ, ಇರೋ ಊರಿಗೋಸ್ಕರ ಪ್ರಾರ್ಥಿಸಿ ಅಂತ ದೇವರು ಹೇಳ್ತಾನೆ. ನನಗೆ ಧೈರ್ಯ ಬಂದಿದ್ದು ಆ ಮಾತಿಂದ, ಕಾಯೋ ಕಾಲದಲ್ಲೂ ಮಾಡೋಕೆ ಕೆಲಸ ಕೊಟ್ಟಿದಾನೆ.

ಇನ್ನೊಂದು, ಯೇಸುಸಭೆ ಸ್ಥಾಪಿಸಿದ ಸಂತ ಇಗ್ನೇಷಿಯಸ್ ಹೇಳೋ ನಿಯಮ: ಮನಸ್ಸು ಕತ್ತಲಾಗಿರುವಾಗ, ಮೊದಲು ಸಮಾಧಾನದಲ್ಲಿ ತಗೊಂಡ ತೀರ್ಮಾನ ಬದಲಾಯಿಸ್ಬೇಡಿ. ರಾತ್ರಿ ಎರಡು ಗಂಟೆಗೆ ಭಯದಲ್ಲಿ ಹೌದು ಅಂತಾನೂ ಮೇಲ್ ಹಾಕ್ಬೇಡಿ, ಇಲ್ಲ ಅಂತಾನೂ ಹಾಕ್ಬೇಡಿ. ಜಾಯಿನಿಂಗ್‌ಗೆ ಸ್ವಲ್ಪ ಟೈಮ್ ಕೇಳಿ, ಏಜೆಂಟ್ ಮೂಲಕ ಬಂದಿದ್ರೆ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಲ್ಲಿ ಅವನ ಹೆಸರು ಇದ್ಯಾ ನೋಡಿ, ಪ್ರಾರ್ಥನೆ ಮಾಡ್ತಿದೀನಿ ಅಂತ ಅದನ್ನ ಬಿಡೋ ಹಾಗಿಲ್ಲ, ನಿಮ್ಮ ಫಾದರ್ ಹತ್ರ ಒಂದು ಸಲ ಕೂತು ಮನಸ್ಸು ಬಿಚ್ಚಿ ಮಾತಾಡಿ.

ಎಲ್ಲಕ್ಕಿಂತ ಮೊದಲು ಈ ಭಾನುವಾರ ಮಂಡ್ಯಕ್ಕೆ ಹೋಗಿ. ಅಮ್ಮ ಒಬ್ರೇ ಅಂತ ನೀವು ಬರೆದಿದೀರ, ಅವರಿಗೆ ಏನನ್ಸತ್ತೆ ಅಂತ ಒಂದು ಸಾಲೂ ಇಲ್ಲ. ಅವರ ಜೊತೆ ಪೂಜೆಗೆ ಹೋಗಿ ಬಂದು ಆಫರ್ ವಿಷಯ ಪೂರ್ತಿ ಹೇಳಿ ಅವರನ್ನೇ ಕೇಳಿ, ಏನಂದ್ರು ಅಂತ ಇಲ್ಲೇ ಬರೀರಿ. ನಿಮಗೂ ಅಮ್ಮಂಗೂ ಇವತ್ತಿಂದಾನೇ ನಮ್ಮನೆ ಜಪಸರದಲ್ಲಿ ಪ್ರಾರ್ಥನೆ ಇರತ್ತೆ.