ಮೇವೂ ಮೇಯುವ ಜೀವಿಯೂ ಒಂದೇ ಹನಿಯಲ್ಲಿದ್ದರೆ ಅಳೆಯುವುದು ಹೇಗೆ?

ಪ್ರಶ್ನೆ: ಸಮುದ್ರದಲ್ಲಿ ದಿನಕ್ಕೆ ಬೆಳೆಯುವ ಸಸ್ಯಪ್ಲವಕದ (ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಯ) ಅರ್ಧಕ್ಕಿಂತ ಹೆಚ್ಚು ಪಾಲನ್ನು ಕಣ್ಣಿಗೆ ಕಾಣದ ಜೀವಿಗಳೇ ತಿಂದುಬಿಡುತ್ತವೆ ಎಂದು ಪಾಠದಲ್ಲಿ ಬಂತು. ಅಳೆದದ್ದು ಹೇಗೆ? ನಮ್ಮ ತುಂಗಭದ್ರಾ ಜಲಾಶಯದ ನೀರಿನಲ್ಲೂ ಮಾಡಬಹುದೇ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಮುನಿರಾಬಾದ್, ಕೊಪ್ಪಳ ಜಿಲ್ಲೆ

ಉತ್ತರ: ಹೊಲಕ್ಕೆ ನುಗ್ಗಿದ ಕುರಿಗಳನ್ನು ಹೊರಗಟ್ಟಿ, ಉಳಿದ ಬೆಳೆ ನೋಡಿ ನಷ್ಟ ಲೆಕ್ಕ ಹಾಕಬಹುದು. ಪಾಚಿಯನ್ನು ಮೇಯುವ ಸಿಲಿಯೇಟ್‌ಗಳೆಂಬ ಏಕಕೋಶ ಜೀವಿಗಳನ್ನು ಹಾಗೆ ಹೊರಗಟ್ಟಲಾಗದು. ಸೋಸಲು ಹೋದರೆ ಪಾಚಿಯೂ ಜೊತೆಗೇ ಹೋಗುತ್ತದೆ. ಲ್ಯಾಂಡ್ರಿ ಮತ್ತು ಹ್ಯಾಸೆಟ್ ಎಂಬ ವಿಜ್ಞಾನಿಗಳು 1982ರಲ್ಲಿ ಬೇರ್ಪಡಿಸುವ ಗೋಜಿಗೇ ಹೋಗದೆ ನೀರನ್ನು ತೆಳುಮಾಡಿದರು. ನನಗೆ ಇವತ್ತಿಗೂ ಬೆರಗು ಹುಟ್ಟಿಸುವ ಉಪಾಯ ಅದು.

ಅದೇ ಸಮುದ್ರದ ನೀರನ್ನು 0.2 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಸೋಸದ ನೀರಿನ ಜೊತೆ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ಬಾಟಲಿಗಳಲ್ಲಿ ಸಾಮಾನ್ಯವಾಗಿ 24 ಗಂಟೆ ಇಡುತ್ತಾರೆ. ಬೆಳಕು, ತಾಪಮಾನ ಸಮುದ್ರದಲ್ಲಿರುವಂತೆಯೇ ಇರಬೇಕು. ನೀರು ತೆಳುವಾದಷ್ಟೂ ತಿನ್ನುವ ಜೀವಿಗೆ ಮೇವು ಸಿಗುವುದು ಅಪರೂಪ. ಪಾಚಿಕೋಶ ಇಬ್ಭಾಗವಾಗುವ ವೇಗ ಮಾತ್ರ ಎಲ್ಲ ಬಾಟಲಿಯಲ್ಲೂ ಒಂದೇ ಇರಬೇಕು; ಅದಕ್ಕೇ ಪೋಷಕಾಂಶ ಬೆರೆಸುತ್ತಾರೆ. ಪಾಚಿ ಎಷ್ಟಿದೆ ಎಂದು ತಿಳಿಯಲು ಮೊದಲು ಮತ್ತು ಕೊನೆಗೆ ಕ್ಲೋರೋಫಿಲ್ ಅಳೆದರೆ, ತಿಂದದ್ದು ಕಳೆದು ಉಳಿದ ನಿವ್ವಳ ಬೆಳವಣಿಗೆ ದರ ಸಿಗುತ್ತದೆ.

ಪೂರ್ತಿ ಸೋಸದ ನೀರಿನಲ್ಲಿ ಆ ದರ ದಿನಕ್ಕೆ 0.20, ಕಾಲು ಭಾಗ ಮಾತ್ರ ಸೋಸದ ನೀರಿರುವಲ್ಲಿ 0.65 ಬಂತು ಎಂದುಕೊಳ್ಳಿ. ಸೋಸದ ನೀರಿನ ಪಾಲನ್ನು ಅಡ್ಡಕ್ಕೂ ದರವನ್ನು ಉದ್ದಕ್ಕೂ ಗುರುತಿಸಿದ ಗ್ರಾಫಿನಲ್ಲಿ ಗೆರೆಯನ್ನು ಸೋಸದ ನೀರು ಸೊನ್ನೆಯಾಗುವವರೆಗೆ ಎಳೆದರೆ 0.80 ಮುಟ್ಟುತ್ತದೆ. ಮೇಯುವ ಜೀವಿಗಳೇ ಇಲ್ಲದಿದ್ದರೆ ಪಾಚಿ ಬೆಳೆಯುತ್ತಿದ್ದ ದರ ಅದು. ಗೆರೆಯ ಇಳಿಜಾರು 0.60, ಅದೇ ಮೇಯುವ ದರ. ಬೆಳೆದದ್ದರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಹೊಟ್ಟೆ ಸೇರಿತು. ಕಾಲ್ಬೆಟ್ ಮತ್ತು ಲ್ಯಾಂಡ್ರಿ 2004ರಲ್ಲಿ ಹಲವು ಸಮುದ್ರಗಳ ಇಂಥ ಪ್ರಯೋಗಗಳನ್ನು ಒಟ್ಟುಮಾಡಿದಾಗ ಹೀಗೆ ತಿನ್ನಲ್ಪಟ್ಟ ಪಾಲು ಸರಾಸರಿ ಶೇ 60ರಿಂದ 70ರ ಆಸುಪಾಸಿನಲ್ಲಿತ್ತು.

ತುಂಗಭದ್ರೆಯಲ್ಲೂ ಖಂಡಿತ ಮಾಡಬಹುದು. ತೆಳುಮಾಡಲು ಬೋರ್‌ವೆಲ್ ನೀರಾಗಲಿ ಡಿಸ್ಟಿಲ್ಡ್ ವಾಟರ್ ಆಗಲಿ ಬೇಡ, ಜಲಾಶಯದ ನೀರನ್ನೇ ಸೋಸಿಕೊಳ್ಳಿ. ಬಕೆಟ್‌ನಿಂದ ದಬದಬ ಸುರಿಯಬೇಡಿ: ಸಿಲಿಯೇಟ್‌ಗಳು ಬಲು ಸೂಕ್ಷ್ಮ, ಗಾಳಿಗುಳ್ಳೆಗೇ ಒಡೆದುಹೋಗುತ್ತವೆ. ಪೈಪಿನ ತುದಿ ಸದಾ ನೀರಿನೊಳಗೆ ಮುಳುಗಿರಲಿ. ಇಷ್ಟಾದರೂ ಗೆರೆ ಚಪ್ಪಟೆಯಾಗಿ, ಅಂದರೆ ಮೇಯುವುದೇ ಇಲ್ಲವೆಂಬಂತೆ ಬಂದರೆ, ಪ್ರಯೋಗ ಕೆಟ್ಟಿತೆಂದು ಬಿಸಾಡಬೇಡಿ. ನೀರಿನ ಮೇಲೆ ಹಸಿರು ಕೆನೆ ಕಟ್ಟುವ ಮೈಕ್ರೋಸಿಸ್ಟಿಸ್ ಎಂಬ ನೀಲಿಹಸಿರು ಪಾಚಿಯ ಕೋಶಗಳು ಲೋಳೆಯಲ್ಲಿ ಗುಂಪಾಗಿ ಅಂಟಿಕೊಂಡಿರುತ್ತವೆ. ಅಂಥ ದೊಡ್ಡ ಗುಂಪು ಸಿಲಿಯೇಟ್‌ನ ಬಾಯಿಗೆ ಹಿಡಿಸುವುದಿಲ್ಲ. ಬಾಟಲಿ ತುಂಬುವ ಮುಂಚೆಯೇ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇರುವುದು ಗುಂಪುಗಳೋ ಬಿಡಿ ಕೋಶಗಳೋ ಬರೆದಿಟ್ಟುಕೊಳ್ಳಿ.