ಹಾಲಿವುಡ್ ನಟ ಜೇಮ್ಸ್ ಸ್ಟೀವರ್ಟ್ ಸಿನಿಮಾಗಳಲ್ಲಿ ನಿಮಗೆ ತುಂಬಾ ಇಷ್ಟವಾದವು ಯಾವುವು?

ಒಂದೇ ಹೇಳಿ ಅಂದರೆ, ‘ರಿಯರ್ ವಿಂಡೋ’ (1954). ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡ ಫೋಟೋಗ್ರಾಫರ್ ಒಬ್ಬ ಗಾಲಿಕುರ್ಚಿಯಲ್ಲಿ ಕೂತು, ಹೊತ್ತು ಹೋಗದೆ ಎದುರು ಮನೆಗಳ ಕಿಟಕಿ ನೋಡುತ್ತಾ ಇರುತ್ತಾನೆ, ಅಲ್ಲೊಂದು ಕೊಲೆ ಆಗಿದೆ ಅನ್ನೋ ಗುಮಾನಿ ಹತ್ತುತ್ತದೆ. ಇಷ್ಟೇ ಕಥೆ. ಆ ಇಡೀ ವಠಾರವನ್ನು ನಿರ್ದೇಶಕ ಹಿಚ್‌ಕಾಕ್ ಸ್ಟುಡಿಯೋ ಒಳಗೇ ಕಟ್ಟಿಸಿದ್ದರು. ಸ್ಟೀವರ್ಟ್‌ಗೆ ಓಡಾಡುವ ಹಾಗಿಲ್ಲ, ಹೆಚ್ಚು ಕೆಲಸವೆಲ್ಲ ಮುಖದಲ್ಲೇ ಆಗಬೇಕು. ಪಕ್ಕದ ಮನೆಗೆ ಇಣುಕೋ ಚಟ ನಮಗೂ ಇದೆಯಲ್ವಾ, ಅದಕ್ಕೇ ಇರಬೇಕು ನನಗೆ ಇಷ್ಟು ಹಿಡಿಸಿದ್ದು!

ಆಮೇಲೆ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ (1946). ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನ ಹಾರಿಸಿ ಬಂದ ಮೇಲೆ ಅವರು ಮಾಡಿದ ಮೊದಲ ಸಿನಿಮಾ ಇದು. ಬಾರ್‌ನಲ್ಲಿ ಕೂತು ಸಣ್ಣ ದನಿಯಲ್ಲಿ ದೇವರನ್ನು ಬೇಡುವ ದೃಶ್ಯ ನೋಡಿ, ನಟನೆ ಅನ್ನಿಸುವುದೇ ಇಲ್ಲ. ಬಿಡುಗಡೆಯಾದಾಗ ಇದು ಹಾಕಿದ ದುಡ್ಡನ್ನೂ ತರಲಿಲ್ಲ. 1974ರಲ್ಲಿ ಕಾಪಿರೈಟ್ ನವೀಕರಿಸದೆ ಬಿಟ್ಟಿದ್ದರಿಂದ ಟಿವಿಯವರು ಕ್ರಿಸ್‌ಮಸ್ ಬಂತೆಂದರೆ ಸಾಕು ಹಾಕತೊಡಗಿದರು, ಹಾಗೆ ಮನೆಮಾತಾಯಿತು.

‘ವರ್ಟಿಗೋ’ (1958) ಎಲ್ಲರೂ ಹೊಗಳುತ್ತಾರೆ. ನನಗೆ ಎರಡನೇ ಸಲ ನೋಡಿದಾಗಲೇ ರುಚಿಸಿದ್ದು. ಆಸ್ಕರ್ ಬಂದಿದ್ದು ‘ದಿ ಫಿಲಡೆಲ್ಫಿಯಾ ಸ್ಟೋರಿ’ಗೆ (1940). ಚೆನ್ನಾಗಿದೆ, ಆದರೆ ಅದರ ಹಿಂದಿನ ವರ್ಷದ ‘ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್’ನಲ್ಲಿ, ಸೆನೆಟ್‌ನಲ್ಲಿ ಗಂಟಲು ಕಟ್ಟುವವರೆಗೂ ಮಾತಾಡುತ್ತಾರಲ್ಲ, ಅದಕ್ಕೇ ಕೊಡಬೇಕಿತ್ತು.