ಗ್ಯಾಲರಿಯೊಳಗೆ ಅಷ್ಟು ಮಬ್ಬು ಏಕೆ?

ಬೆಂಗಳೂರಿನ ಸಮಕಾಲೀನ ಕಲಾ ಮ್ಯೂಸಿಯಂ ನೋಡಿ ವಿರಾಜಪೇಟೆಗೆ ಮರಳಿದ ನೀವು ಕೇಳಿದ್ದು: ಕೋಣೆ ಅಷ್ಟು ಮಬ್ಬು ಏಕೆ, ಏನೂ ತಲೆಗೆ ಹೋಗಲಿಲ್ಲವೇಕೆ?

ಮಬ್ಬು ಬೆಳಕು ಕರೆಂಟ್ ಬಿಲ್ ಉಳಿಸಲಿಕ್ಕಲ್ಲ. ಜಲವರ್ಣ, ಫೋಟೊ, ಬಟ್ಟೆಗೆ ಸಾಮಾನ್ಯವಾಗಿ 50 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ಮಿತಿ. ತೈಲವರ್ಣಕ್ಕೆ 200ರವರೆಗೆ ಬಿಡುತ್ತಾರೆ. ಬೆಳಕಿಗೆ ಮಾಸಿದ ಬಣ್ಣ ಮತ್ತೆ ಬಾರದು. ತೇವಾಂಶವೂ ಅಷ್ಟೇ ಶತ್ರು. ನಮ್ಮ ಮಳೆಗಾಲದಲ್ಲಿ ಗೋಡೆಗೆ ತಾಗಿಸಿ ತೂಗುಹಾಕಿದ ಮದುವೆ ಫೋಟೊ ಬೂಷ್ಟು ಹಿಡಿಯುವುದನ್ನು ನೋಡಿದ್ದೀರಲ್ಲ! ಬಿಸಿಲಿನಿಂದ ಒಳಬಂದರೆ ಕಣ್ಣು ಹೊಂದಿಕೊಳ್ಳಲು ಐದಾರು ನಿಮಿಷ ಬೇಕು.

ಎಲ್ಲವನ್ನೂ ನೋಡಹೊರಟದ್ದೇ ತಪ್ಪು. ಮೊದಲು ಎಲ್ಲೂ ನಿಲ್ಲದೆ ಒಂದು ಸುತ್ತು ಬನ್ನಿ. ಕಾಲು ತಡೆದ ನಾಲ್ಕೈದು ಕೃತಿಗಳಿಗೆ ಹಿಂತಿರುಗಿ, ತಲಾ ಐದು ನಿಮಿಷ ಕೊಡಿ. ಒಮ್ಮೆ ದೂರದಿಂದ, ಒಮ್ಮೆ ಹತ್ತಿರದಿಂದ. ಪಕ್ಕದ ವಿವರಫಲಕ ಓದುವುದು ಆಮೇಲೆ. ಅದರಲ್ಲೂ ಮೊದಲು ಯಾವ ವಸ್ತುವಿನಿಂದ ಮಾಡಿದ್ದು ಎಂಬ ಸಾಲು ಓದಿ, ಉದ್ದನೆಯ ವಿವರಣೆ ಎಷ್ಟೋ ಸಲ ಗೊಂದಲವನ್ನೇ ಹೆಚ್ಚಿಸುತ್ತದೆ. ವಿಡಿಯೊ ಕೃತಿಯಾದರೆ ಅವಧಿ ನೋಡಿಕೊಂಡು ಕೂರಿ. ನಡುವೆ ಹೊಕ್ಕರೆ ತಲೆಬುಡ ತಿಳಿಯದು.

ಮುಂದಿನ ಸಲ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಹೋಗಿ. ಸೋಮವಾರ ರಜೆ, ಹಾಗಾಗಿ ಭಾನುವಾರ ರಾತ್ರಿ ಬಸ್ ಹತ್ತಬೇಡಿ.